ಡ್ರಿಲ್ ಇಲ್ಲದೆ ಪ್ಲಾಸ್ಟಿಕ್ ಕುಂಡಕ್ಕೆ ತೂತು: ಎಲ್ಲಿ, ಎಷ್ಟು, ಹೇಗೆ

ಗಿಡದ ಎಲೆ ಹಳದಿಯಾಗಿ ಜೋತುಬಿದ್ದಿದೆ, ಮಣ್ಣಿಗೆ ಬೆರಳಿಟ್ಟರೆ ಮಾತ್ರ ಒದ್ದೆಯಾಗಿಯೇ ಇದೆ. ಹೀಗಿದ್ದರೆ ಇನ್ನಷ್ಟು ನೀರು ಹಾಕಬೇಡಿ, ಕುಂಡವನ್ನು ಎತ್ತಿ ತಳ ನೋಡಿ. ತೂತಿಲ್ಲದ ಕುಂಡದಲ್ಲಿ ನೀರು ತಳದಲ್ಲೇ ನಿಂತು, ಮಣ್ಣಿನ ಸಂದುಗಳಲ್ಲಿದ್ದ ಗಾಳಿಯನ್ನು ಹೊರಗೆ ತಳ್ಳುತ್ತದೆ. ಆಮ್ಲಜನಕ ಸಿಗದ ಬೇರು ನೀರು ಹೀರುವ ಕೆಲಸವನ್ನೇ ನಿಲ್ಲಿಸುತ್ತದೆ. ಹಾಗಾಗಿ ಸುತ್ತ ನೀರಿದ್ದೂ ಗಿಡ ಬಾಡುತ್ತದೆ. ಅದರ ಹಿಂದೆಯೇ ಪಿಥಿಯಂ, ಫೈಟಾಫ್ತೊರದಂಥ ಕೊಳೆಸುವ ಜೀವಿಗಳು ಬರುತ್ತವೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗ ತರುವುದೂ ಫೈಟಾಫ್ತೊರ ಕುಲದ್ದೇ. ಬೇರು ಕಂದುಬಣ್ಣಕ್ಕೆ ತಿರುಗಿ, ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ಬರುವ ಹಂತಕ್ಕೆ ಹೋದರೆ, ಮಣ್ಣು ಕೊಳೆತ ಮೊಟ್ಟೆಯ ವಾಸನೆ ಹೊಡೆಯತೊಡಗಿದರೆ, ಗಿಡ ಉಳಿಯುವುದು ಕಷ್ಟ.

ಅಂಗಡಿಯಿಂದ ತಂದ ಅಲಂಕಾರದ ಕುಂಡ, ಖಾಲಿ ಪೇಂಟ್ ಬಕೆಟ್, ಅಡುಗೆ ಎಣ್ಣೆಯ 15 ಲೀಟರಿನ ಕ್ಯಾನ್, ಹಳೆಯ ಸ್ನಾನದ ಬಕೆಟ್, ಇವಕ್ಕೆಲ್ಲ ತೂತು ಹಾಕಲು ಡ್ರಿಲ್ ಬೇಕೇಬೇಕೆಂದಿಲ್ಲ. ಒಂದು ಮೊಳೆ, ಇಕ್ಕಳ ಮತ್ತು ಗ್ಯಾಸ್ ಒಲೆ ಇದ್ದರೆ ಹತ್ತು ಹದಿನೈದು ನಿಮಿಷದ ಕೆಲಸ. ಆದರೆ ಸಲಕರಣೆಗಿಂತ ಮೊದಲು ತೀರ್ಮಾನವಾಗಬೇಕಾದದ್ದು ತೂತಿನ ಜಾಗ. ತೂತು ಹಾಕಿದ ಮೇಲೂ ಬೇರು ಕೊಳೆಯುವ ಕುಂಡಗಳಲ್ಲಿ ಹೆಚ್ಚಿನವುಗಳ ದೋಷ ಒಂದೇ: ತೂತು ಇರುವ ಜಾಗ ಒಂದು, ನೀರು ನಿಲ್ಲುವ ಜಾಗ ಇನ್ನೊಂದು.

ಮೊದಲು ನೀರು ಎಲ್ಲಿ ನಿಲ್ಲುತ್ತದೆ ನೋಡಿ

ಕುಂಡವನ್ನು ಬೋರಲು ಹಾಕಿ ತಳವನ್ನು ಬೆಳಕಿನಲ್ಲಿ ಪರೀಕ್ಷಿಸಿ. ಎಷ್ಟೋ ಕುಂಡಗಳ ತಳದಲ್ಲಿ ಪುಟ್ಟ ವೃತ್ತದ ಗುರುತುಗಳಿರುತ್ತವೆ. ತಯಾರಿಸುವಾಗಲೇ ಅಲ್ಲಿ ಪ್ಲಾಸ್ಟಿಕ್ಕನ್ನು ತೆಳುವಾಗಿ ಬಿಟ್ಟಿರುತ್ತಾರೆ, ಬೇಕಾದವರು ಒಡೆದುಕೊಳ್ಳಲಿ ಎಂದು. ಸ್ಕ್ರೂಡ್ರೈವರಿನ ತುದಿಯನ್ನು ಆ ವೃತ್ತದ ಅಂಚಿಗಿಟ್ಟು ಹಿಡಿಯ ಮೇಲೆ ಅಂಗೈಯಿಂದ ಒಂದು ಪೆಟ್ಟು ಕೊಟ್ಟರೆ ಬಿಲ್ಲೆ ಕಳಚಿ ಬೀಳುತ್ತದೆ. ಕೆಲವಕ್ಕೆ ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಬಿರಡೆ ಇರುತ್ತದೆ, ಅದನ್ನು ಕಿತ್ತರೆ ಸಾಕು.

ಅಂಥ ಗುರುತು ಇಲ್ಲದಿದ್ದರೆ ಕುಂಡವನ್ನು ಸಮತಟ್ಟಾದ ನೆಲದ ಮೇಲಿಟ್ಟು ಒಂದು ಲೋಟ ನೀರು ಹಾಕಿ. ನೀರು ಎಲ್ಲಿ ಹೋಗಿ ನಿಲ್ಲುತ್ತದೋ ಅಲ್ಲಿ ಮಾರ್ಕರಿನಿಂದ ಗುರುತು ಮಾಡಿ. ಬಹಳಷ್ಟು ಕುಂಡಗಳ ತಳ ನಡುವೆ ತುಸು ಉಬ್ಬಿ, ಅಂಚಿನ ಸುತ್ತ ತಗ್ಗಾಗಿರುತ್ತದೆ. ಅಂಥದ್ದಕ್ಕೆ ನಟ್ಟನಡುವೆ ಒಂದು ದೊಡ್ಡ ತೂತು ಹಾಕಿದರೆ ಅದು ತಳದ ಅತಿ ಎತ್ತರದ ಜಾಗದಲ್ಲಿ ಕೂತಿರುತ್ತದೆ, ಅಂಚಿನ ತಗ್ಗಿನಲ್ಲಿ ಅರ್ಧ ಇಂಚು ನೀರು ಹಾಗೇ ಉಳಿಯುತ್ತದೆ. ಬೇರುಗಳು ಕುಂಡದ ಗೋಡೆಗುಂಟ ಇಳಿದು ಸೇರುವುದೂ ಅದೇ ತಗ್ಗಿಗೆ.

ಪೇಂಟ್ ಬಕೆಟ್ಟಿನ ಸಮಸ್ಯೆ ಬೇರೆ. ಅದರ ತಳ ನೆಲಕ್ಕೆ ತಾಗುವುದಿಲ್ಲ, ಸುತ್ತ ಒಂದು ಬಳೆಯಂಥ ಅಂಚು ಇಳಿಬಿದ್ದು ಅದರ ಮೇಲೆ ಬಕೆಟ್ ನಿಂತಿರುತ್ತದೆ. ತಳದಲ್ಲಿ ಎಷ್ಟು ತೂತು ಹಾಕಿದರೂ ನುಣುಪಾದ ಟೈಲ್ಸ್ ಮೇಲೆ ಇಟ್ಟಾಗ ಆ ಬಳೆಯೊಳಗೆ ನೀರು ಸಿಕ್ಕಿಬೀಳುತ್ತದೆ. ಹ್ಯಾಕ್ಸಾ ಬ್ಲೇಡಿನಿಂದ ಆ ಅಂಚನ್ನು ನಾಲ್ಕು ಕಡೆ ಅರ್ಧ ಸೆಂ.ಮೀ. ಆಳಕ್ಕೆ ಕೊಯ್ದು ಕಚ್ಚು ಮಾಡಿ, ಇಲ್ಲವೇ ಬಕೆಟ್ಟನ್ನು ಮೂರು ಇಟ್ಟಿಗೆ ಚೂರುಗಳ ಮೇಲೆ ಕೂರಿಸಿ.

ಎಷ್ಟು ತೂತು ಬೇಕು? 6 ಇಂಚಿನ ಕುಂಡಕ್ಕೆ 6 ಮಿ.ಮೀ. ಅಗಲದ ಮೂರು ನಾಲ್ಕು. 8ರಿಂದ 10 ಇಂಚಿನದಕ್ಕೆ ಅಷ್ಟೇ ಅಗಲದ ಐದಾರು. 12 ಇಂಚಿನ ಕುಂಡ ಅಥವಾ 20 ಲೀಟರಿನ ಬಕೆಟ್ಟಿಗೆ 8ರಿಂದ 10 ಮಿ.ಮೀ. ಅಗಲದ ಆರರಿಂದ ಎಂಟು. ಉದ್ದನೆಯ ಬಾಲ್ಕನಿ ಕುಂಡಕ್ಕೆ ಎರಡೂ ಉದ್ದಬದಿಗಳ ಅಂಚಿನಲ್ಲಿ ಅರ್ಧ ಅಡಿಗೊಂದರಂತೆ. 10 ಮಿ.ಮೀ. ತೂತಿನ ಬಾಯಿ 6 ಮಿ.ಮೀ. ತೂತಿನ ಹೆಚ್ಚುಕಡಿಮೆ ಮೂರರಷ್ಟು ಇರುತ್ತದೆ ನಿಜ. ಆದರೂ ಒಂದು ದೊಡ್ಡದಕ್ಕಿಂತ ಚದುರಿದ ಮೂರು ಸಣ್ಣವು ಮೇಲು, ಒಂದು ಬೇರಿನಿಂದ ಕಟ್ಟಿಕೊಂಡರೆ ಉಳಿದೆರಡು ಕೆಲಸ ಮಾಡುತ್ತವೆ. 4 ಮಿ.ಮೀ.ಗಿಂತ ಕಿರಿದಾದ ತೂತು ಮಾತ್ರ ಲೆಕ್ಕಕ್ಕಿಲ್ಲ, ಕೆಲವೇ ವಾರದಲ್ಲಿ ಮಣ್ಣು ಮೆತ್ತಿ ಮುಚ್ಚುತ್ತದೆ.

ಎರಡು ತೂತುಗಳ ನಡುವೆ ಕನಿಷ್ಠ ಎರಡು ಬೆರಳು ಜಾಗ ಬಿಡಿ. ಹತ್ತಿರ ಹತ್ತಿರ ಹಾಕಿದರೆ ಮಣ್ಣು ತುಂಬಿದ ಭಾರಕ್ಕೆ ಒಂದರಿಂದ ಇನ್ನೊಂದಕ್ಕೆ ಸೀಳು ಓಡುತ್ತದೆ.

ಪ್ಲಾಸ್ಟಿಕ್ ಯಾವುದು?

ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಅಚ್ಚಾಗಿರುತ್ತದೆ. 5 ಎಂದಿದ್ದರೆ ಪಾಲಿಪ್ರೊಪಿಲೀನ್: ಗಟ್ಟಿ ಕುಂಡಗಳು, ಬಕೆಟ್ಟುಗಳು. 2 ಎಂದಿದ್ದರೆ ಎಚ್‌ಡಿಪಿಇ: ಮೇಣದಂತೆ ನುಣುಪಾಗಿ, ಒತ್ತಿದರೆ ಬಾಗುವ ಕ್ಯಾನುಗಳು. ಎಚ್‌ಡಿಪಿಇ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಯಲ್ಲಿ ಕರಗುವುದರಿಂದ ಬಿಸಿ ಮೊಳೆಗೆ ಎರಡೂ ಸುಲಭವಾಗಿ ದಾರಿ ಬಿಡುತ್ತವೆ. 1 ಅಂದರೆ ಪೆಟ್, ತಂಪು ಪಾನೀಯದ ಬಾಟಲಿಯದ್ದು. ತೆಳುವಾದ್ದರಿಂದ ಕತ್ತರಿಯೇ ಸಾಕು.

3 ಇದ್ದರೆ ಬಿಸಿ ತಾಗಿಸಲೇಬೇಡಿ. ಅದು ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಕಣ್ಣು ಗಂಟಲು ಉರಿಸುವ ಆಮ್ಲ ಅದು. ನೀರಿನ ಪೈಪ್ ಸೀಳಿ ಮಾಡುವ ಕುಂಡಗಳು ಹೆಚ್ಚಾಗಿ ಈ ಜಾತಿಗೆ ಸೇರಿದವು, ಅವನ್ನು ಕೊಯ್ಯಬೇಕೇ ಹೊರತು ಸುಡಬಾರದು. 6 ಎಂದಿದ್ದರೆ ಪಾಲಿಸ್ಟೈರೀನ್. ಥರ್ಮಕೋಲ್ ಡಬ್ಬಿಯೂ ಇದರದ್ದೇ. ಬಿಸಿಯಾದದ್ದು ಹತ್ತಿರ ಬಂದರೇ ಕರಗಿ ದೊಡ್ಡ ಗುಂಡಿಯಾಗುತ್ತದೆ, ಹೊಗೆಯೂ ಒಳ್ಳೆಯದಲ್ಲ. ತಣ್ಣಗಿನ ಸ್ಕ್ರೂಡ್ರೈವರನ್ನು ತಿರುಗಿಸುತ್ತಾ ಒತ್ತಿದರೆ ಥರ್ಮಕೋಲಿಗೆ ನೀಟಾದ ತೂತು ಬೀಳುತ್ತದೆ.

ಅಂಕಿ ಕಾಣದಿದ್ದರೆ, ಅದು ಯಾವುದೆಂದು ಗೊತ್ತಾಗದಿದ್ದರೆ, ಬಿಸಿ ಬಿಟ್ಟು ಕೊಯ್ಯುವ ದಾರಿ ಹಿಡಿಯಿರಿ. ಇನ್ನೊಂದು ಮಾತು: ಎಂಜಿನ್ ಆಯಿಲ್, ಕೀಟನಾಶಕ, ಆಸಿಡ್ ತುಂಬಿದ್ದ ಕ್ಯಾನುಗಳಲ್ಲಿ ಸೊಪ್ಪು ತರಕಾರಿ ಬೆಳೆಯಬೇಡಿ, ಎಷ್ಟು ತೊಳೆದರೂ ಸರಿ. ಬಿಸಿ ತಾಗಿಸುವುದಂತೂ ಇನ್ನೂ ಅಪಾಯ.

ಬಿಸಿ ಮಾಡಿ ತೂತು ಹಾಕುವುದು

ವಿದ್ಯುತ್ ತಂತಿಗಳನ್ನು ಬೆಸೆಯುವ ಸೋಲ್ಡರಿಂಗ್ ಐರನ್ ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 25 ವಾಟಿನದ್ದೇ ಸಾಕು, ತುದಿ 300 ಡಿಗ್ರಿ ದಾಟುತ್ತದೆ. ಸರ್ಕ್ಯೂಟ್ ಕೆಲಸಕ್ಕೂ ಅದನ್ನೇ ಬಳಸುವವರು ಹಳೆಯ ಬಿಟ್ ಹಾಕಿಕೊಳ್ಳಿ, ಪ್ಲಾಸ್ಟಿಕ್ ಮೆತ್ತಿದ ತುದಿಗೆ ಆಮೇಲೆ ಸೀಸ ಹಿಡಿಯುವುದಿಲ್ಲ. ಐದು ನಿಮಿಷ ಕಾಯಿಸಿ. ಕುಂಡವನ್ನು ಬೋರಲು ಹಾಕಿ, ತುದಿಯನ್ನು ಗುರುತಿನ ಮೇಲೆ ನೆಟ್ಟಗೆ ಇಟ್ಟು ಹಗುರವಾಗಿ ಒತ್ತಿ. ಅವಸರ ಬೇಡ, 2 ಮಿ.ಮೀ. ದಪ್ಪದ ತಳವಾದರೆ ಹತ್ತು ಹದಿನೈದು ಸೆಕೆಂಡಿನಲ್ಲಿ ತಾನೇ ಇಳಿಯುತ್ತದೆ. ಬಲ ಹಾಕಿದರೆ ಬಿಟ್ ಬಾಗುತ್ತದೆ. ಆಚೆ ಬದಿಗೆ ದಾಟಿದ ಮೇಲೆ ತೂತಿನೊಳಗೇ ನಿಧಾನಕ್ಕೆ ಸುತ್ತು ಹಾಕಿಸಿ ಬೇಕಾದಷ್ಟು ಅಗಲ ಮಾಡಿ. ತಿರುಗಿಸುತ್ತಲೇ ಹೊರಗೆಳೆಯಿರಿ. ನೇರವಾಗಿ ಎಳೆದರೆ ಕರಗಿದ ಪ್ಲಾಸ್ಟಿಕ್ ದಾರದಂತೆ ಹಿಂದೆಯೇ ಬಂದು ತೂತಿನ ಬಾಯಿಗೆ ಕೂರುತ್ತದೆ.

ಅದಿಲ್ಲದಿದ್ದರೆ ಮೊಳೆ. 5ರಿಂದ 6 ಇಂಚು ಉದ್ದದ, ಸಾದಾ ಕಬ್ಬಿಣದ ಮೊಳೆಯೇ ಬೇಕು. ಉದ್ದ ಇದ್ದಷ್ಟೂ ಕೈ ಬಿಸಿಯಿಂದ ದೂರ ಇರುತ್ತದೆ, ದಪ್ಪ ಇದ್ದಷ್ಟೂ ಶಾಖ ಹೆಚ್ಚು ಹೊತ್ತು ನಿಲ್ಲುತ್ತದೆ. ಸತುವಿನ ಲೇಪನದ ಹೊಳೆಯುವ ಮೊಳೆ ಬೇಡ, ಹೆಚ್ಚು ಕಾದರೆ ಅದರ ಹೊಗೆ ಉಸಿರಿಗೆ ಕೆಟ್ಟದ್ದು. ಒಳ್ಳೆಯ ಸ್ಕ್ರೂಡ್ರೈವರನ್ನೂ ಒಲೆಗೆ ಹಿಡಿಯಬೇಡಿ. ಕಾದ ಉಕ್ಕು ತನ್ನ ಗಡಸುತನ ಕಳೆದುಕೊಂಡು ಮುಂದೆ ಸ್ಕ್ರೂ ತಿರುಗಿಸುವಾಗ ತುದಿ ಮಡಚಿಕೊಳ್ಳುತ್ತದೆ, ಪ್ಲಾಸ್ಟಿಕ್ ಹಿಡಿಯಂತೂ ಕರಗುತ್ತದೆ. ಮರದ ಹಿಡಿಯ ಹಳೆಯ ದಬ್ಬಣ ಮನೆಯಲ್ಲಿದ್ದರೆ ಮೊಳೆಗಿಂತಲೂ ಅನುಕೂಲ.

ಮೊಳೆಯ ತಲೆಯನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಕಚ್ಚಿಸಿ, ಗ್ಯಾಸಿನ ನೀಲಿ ಉರಿಗೆ ತುದಿಯ ಒಂದೂವರೆ ಇಂಚನ್ನು ಒಂದರಿಂದ ಒಂದೂವರೆ ನಿಮಿಷ ಹಿಡಿಯಿರಿ. ಕೆಂಪಗಾಗುವುದು ಬೇಕಿಲ್ಲ. ಕೆಂಪಾದ ಮೊಳೆ ಪ್ಲಾಸ್ಟಿಕ್ಕನ್ನು ಕರಗಿಸದೆ ಸುಡುತ್ತದೆ, ಕಪ್ಪು ಹೊಗೆ ಬರುತ್ತದೆ, ಒಮ್ಮೊಮ್ಮೆ ಹತ್ತಿಕೊಳ್ಳುತ್ತದೆ. ತಾಗಿಸಿದ ಕೂಡಲೇ ಹೊಗೆ ಎದ್ದರೆ ಹತ್ತು ಸೆಕೆಂಡು ಗಾಳಿಯಲ್ಲಿ ಆರಿಸಿ, ತಗ್ಗು ಬಿದ್ದು ಅಲ್ಲೇ ನಿಂತರೆ ಮತ್ತೆ ಕಾಯಿಸಿ. ಒಂದು ಸಲ ಕಾಯಿಸಿದ ಮೊಳೆ ಒಂದೋ ಎರಡೋ ತೂತಿಗೆ ಬರುತ್ತದೆ. ಎರಡು ಮೊಳೆಗಳಿದ್ದರೆ ಒಂದು ಕಾಯುವಾಗ ಇನ್ನೊಂದರಿಂದ ಕೆಲಸ ಸಾಗುತ್ತದೆ.

ಪ್ರತಿ ಸಲ ಒಲೆಗೆ ಹಿಡಿಯುವ ಮೊದಲು ಮೊಳೆಗೆ ಮೆತ್ತಿದ ಪ್ಲಾಸ್ಟಿಕ್ಕನ್ನು ಒದ್ದೆ ಹತ್ತಿಬಟ್ಟೆಯ ದಪ್ಪ ಮಡಿಕೆಯಿಂದ ಒರೆಸಬೇಕು. ಇದನ್ನು ಬಿಟ್ಟರೆ ಆ ಪ್ಲಾಸ್ಟಿಕ್ ಉರಿಯುತ್ತಾ ಬರ್ನರ್ ಮೇಲೆ ತೊಟ್ಟಿಕ್ಕುತ್ತದೆ, ಬರ್ನರಿನ ಕಣ್ಣು ಕಟ್ಟುತ್ತದೆ. ಕುಂಡ ಒಲೆಯಿಂದ ನಾಲ್ಕಡಿಯಾದರೂ ದೂರ ನೆಲದ ಮೇಲಿರಲಿ. ಬಿಸಿ ಮೊಳೆಯನ್ನು ಕುಂಡದ ಬಳಿಗೆ ಒಯ್ಯಬೇಕು, ಕುಂಡವನ್ನು ಉರಿಯ ಬಳಿಗೆ ಎಂದೂ ತರಬಾರದು. ಕಿಟಕಿ ತೆರೆದು, ಎಕ್ಸಾಸ್ಟ್ ಫ್ಯಾನ್ ಹಾಕಿ, ಹೊಗೆ ಮುಖಕ್ಕೆ ಬಾರದಂತೆ ಕೂತುಕೊಳ್ಳಿ. ಹತ್ತಿಯ ಬಟ್ಟೆ, ಕಾಲಿಗೆ ಚಪ್ಪಲಿ ಇರಲಿ. ಪಕ್ಕದಲ್ಲಿ ನೀರು ತುಂಬಿದ ಹಳೆಯ ಡಬ್ಬಿ ಇಟ್ಟುಕೊಂಡು ಕೆಲಸ ಮುಗಿದ ಮೊಳೆಯನ್ನು ಅದಕ್ಕೇ ಹಾಕಿ, ನೆಲದ ಮೇಲಿಟ್ಟ ಬಿಸಿ ಮೊಳೆ ಬಿಸಿಯಾಗಿ ಕಾಣುವುದಿಲ್ಲ. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿದರೆ ಕೀಳಲು ಹೋಗಬೇಡಿ. ಹರಿಯುವ ತಣ್ಣೀರಿಗೆ 20 ನಿಮಿಷ ಹಿಡಿದು, ಅಂಟಿದ್ದು ಹಾಗೇ ಇರುವಂತೆ ವೈದ್ಯರಲ್ಲಿಗೆ ಹೋಗಿ.

ದೊಡ್ಡ ತೂತು ಬೇಕಾದಲ್ಲಿ ಒಂದೇ ಮೊಳೆಯಿಂದ ಅಗಲಿಸಲು ಒದ್ದಾಡುವ ಬದಲು, ಬೇಕಾದ ಅಳತೆಯ ವೃತ್ತದ ಗೆರೆಯ ಮೇಲೆ ಏಳೆಂಟು ಸಣ್ಣ ತೂತು ಒತ್ತೊತ್ತಾಗಿ ಹಾಕಿ, ಆರಿದ ಮೇಲೆ ನಡುವಿನ ಬಿಲ್ಲೆಯನ್ನು ಚಾಕುವಿನಿಂದ ಕೊಯ್ದು ತೆಗೆಯಿರಿ.

ಈಗ ಬಹಳ ಜನ ಮರೆಯುವ ಹಂತ. ಬಿಸಿಯಿಂದ ಮಾಡಿದ ಪ್ರತಿ ತೂತಿನ ಸುತ್ತ, ಒಳಗೂ ಹೊರಗೂ, ಕರಗಿದ ಪ್ಲಾಸ್ಟಿಕ್ ಒಂದು ದಿಂಡಿನಂತೆ ಎದ್ದು ನಿಂತಿರುತ್ತದೆ. ಒಳಗಿನ ದಿಂಡು 2 ಮಿ.ಮೀ. ಎತ್ತರ ಇದ್ದರೂ ತಳದಲ್ಲಿ 2 ಮಿ.ಮೀ. ನೀರಿಗೆ ಅದೇ ಕಟ್ಟೆ. ಐದು ನಿಮಿಷ ಆರಲು ಬಿಟ್ಟು, ಪೂರ್ತಿ ಗಟ್ಟಿಯಾದ ಮೇಲೆ ಕಟರ್ ಬ್ಲೇಡಿನಿಂದ ತಳದ ಮಟ್ಟಕ್ಕೆ ಹೆರೆದು ಹಾಕಿ. ಮೆತ್ತಗಿರುವಾಗ ಹೆರೆದರೆ ಎಳೆದುಕೊಂಡು ಬಂದು ತೂತು ಮತ್ತೆ ಮುಚ್ಚುತ್ತದೆ.

ಬಿಸಿಯೇ ಇಲ್ಲದೆ

ಹ್ಯಾಕ್ಸಾ ಬ್ಲೇಡ್ ಅಗ್ಗ, ಹೊಗೆಯಿಲ್ಲ, ಪಿವಿಸಿಗೂ ನಡೆಯುತ್ತದೆ. ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಳ್ಳಿ. ಗೋಡೆ ಮತ್ತು ತಳ ಕೂಡುವ ಮೂಲೆಯ ಅಂಚನ್ನು ಓರೆಯಾಗಿ ಕೊಯ್ದರೆ 2 ಸೆಂ.ಮೀ. ಉದ್ದದ ಸೀಳು ಬೀಳುತ್ತದೆ. ಅದರ ಪಕ್ಕಕ್ಕೇ ಎದುರು ಓರೆಯಲ್ಲಿ ಇನ್ನೊಂದು ಕೊಯ್ತ ಹಾಕಿದರೆ ತುಂಡು ಕಳಚಿ ಬರುತ್ತದೆ. ನೀರು ನಿಲ್ಲುವ ಅತಿ ತಗ್ಗಿನ ಜಾಗದಲ್ಲೇ ಬಾಯಿ ತೆರೆಯುವುದರಿಂದ, ಇಳಿಬಿದ್ದ ಅಂಚಿಲ್ಲದ ಕುಂಡಗಳಿಗೆ ಇದೇ ನಮ್ಮ ಮೊದಲ ಆಯ್ಕೆ. ಒಂದು ಕುಂಡಕ್ಕೆ ಇಂಥ ನಾಲ್ಕು ಕಚ್ಚು ಸಾಕು.

ಬಡಗಿಗಳ ಕೈ ಬೈರಿಗೆ ಸಿಕ್ಕರೆ ಅದರಷ್ಟು ಚೊಕ್ಕ ತೂತು ಬೇರೆ ಯಾವುದೂ ಕೊಡದು. ಅದಿಲ್ಲದವರು ದಪ್ಪನೆಯ ಮರದ ಸ್ಕ್ರೂ ಒಂದನ್ನು ಸ್ಕ್ರೂಡ್ರೈವರಿನಿಂದ ತಳಕ್ಕೆ ತಿರುಗಿಸಿ ಇಳಿಸಿ, ತಿರುಗಿಸಿಯೇ ಹೊರತೆಗೆಯಬಹುದು. ಆ ತೂತಿಗೆ ಕತ್ತರಿಯ ಒಂದು ಅಲಗಿನ ತುದಿ ಇಟ್ಟು ಎರಡೂ ಕಡೆಗೆ ತಿರುಚಿದರೆ ಅಗಲವಾಗುತ್ತದೆ. ನರ್ಸರಿಯ ತೆಳು ಕಪ್ಪು ಕುಂಡಕ್ಕೆ, ಪೆಟ್ ಬಾಟಲಿಗೆ ಬರೀ ಕತ್ತರಿಯ ತುದಿಯೇ ಸಾಕು.

ಸುತ್ತಿಗೆ ಮೊಳೆಯಿಂದ ಹೊಡೆದು ತೂತು ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಕುಂಡ ಒಡೆಯುವುದೂ ಹೆಚ್ಚಾಗಿ ಇದರಿಂದಲೇ. ಬಾಗುವ ಎಚ್‌ಡಿಪಿಇ ತಡೆದುಕೊಳ್ಳುತ್ತದೆ. ಗಡುಸಾದ, ತೆಳುವಾದ, ಬಿಸಿಲಿಗೆ ವರ್ಷಗಟ್ಟಲೆ ನಿಂತ ಪ್ಲಾಸ್ಟಿಕ್ ಸಿಡಿಯುತ್ತದೆ. ಬಿಸಿಲಿನ ನೇರಳಾತೀತ ಕಿರಣ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸಿರುತ್ತದೆ, ಬಾಗುವ ಗುಣ ಹೋಗಿರುತ್ತದೆ. ಉಗುರಿನಿಂದ ಗೀರಿದರೆ ಬಿಳಿ ಪುಡಿ ಬರುವ ಬಕೆಟ್ಟಿಗೆ ಸುತ್ತಿಗೆ ತಾಗಿಸಬೇಡಿ. ಹೊಡೆಯಲೇಬೇಕೆಂದಿದ್ದರೆ ಕುಂಡದ ತಳವನ್ನು ಐದು ನಿಮಿಷ ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ತಳದ ಕೆಳಗೆ ಆನಿಕೆಯಾಗಿ ಮರದ ತುಂಡು ಇಟ್ಟು, ಒಳಗಿನಿಂದ ಸಣ್ಣ ಸಣ್ಣ ಪೆಟ್ಟು ಕೊಡಿ. ಆನಿಕೆ ಇಲ್ಲದೆ ಹೊಡೆದರೆ ತಳ ಬಾಗಿ ಸೀಳುತ್ತದೆ.

ಬಿರುಕು ಬಿಟ್ಟರೆ ಕುಂಡ ಎಸೆಯಬೇಕಿಲ್ಲ. ಬಿರುಕಿನ ಕೊನೆ ಎಲ್ಲಿದೆ ಎಂದು ಕಣ್ಣಿಟ್ಟು ನೋಡಿ, ಸರಿಯಾಗಿ ಆ ಕೊನೆಯಲ್ಲಿ ಬಿಸಿ ಮೊಳೆಯಿಂದ 3 ಮಿ.ಮೀ. ದುಂಡು ತೂತು ಹಾಕಿ. ಚೂಪಾದ ತುದಿಯಲ್ಲಿ ಒಟ್ಟಾಗುತ್ತಿದ್ದ ಒತ್ತಡ ದುಂಡು ಅಂಚಿನ ಸುತ್ತ ಹಂಚಿಹೋಗಿ ಬಿರುಕು ಅಲ್ಲಿಗೆ ನಿಲ್ಲುತ್ತದೆ. ತಳದಲ್ಲಿರುವ ಬಿರುಕಾದರೆ ಅದೂ ಒಂದು ನೀರಿನ ದಾರಿಯೇ.

ಗಿಡ ಆಗಲೇ ನೆಟ್ಟಾಗಿದ್ದರೆ

ಕುಂಡದ ಮಣ್ಣೆಲ್ಲ ತೆಗೆಯದೆಯೂ ತೂತು ಹಾಕಬಹುದು. ಎರಡು ದಿನ ನೀರು ನಿಲ್ಲಿಸಿ. ಆಮೇಲೆ ಗೋಡೆಯ ಹೊರಬದಿಯಿಂದ, ತಳದ ಒಳಮಟ್ಟಕ್ಕೆ ಸರಿಯಾಗಿ ಅಥವಾ ಅದರಿಂದ ಅರ್ಧ ಸೆಂ.ಮೀ. ಮೇಲಕ್ಕೆ, ಸುತ್ತ ನಾಲ್ಕೈದು ತೂತು ಹಾಕಿ. ಒಳಗಿನ ಹಸಿ ಮಣ್ಣು ತಾಗಿದ ಕೂಡಲೇ ಮೊಳೆ ತಣಿಯುವುದರಿಂದ ಇಲ್ಲಿ ಪ್ರತಿ ತೂತಿಗೂ ಹೊಸದಾಗಿ ಕಾಯಿಸಬೇಕು. ಸೋಲ್ಡರಿಂಗ್ ಐರನ್ ಆದರೆ ಗೋಡೆ ದಾಟಿದ ತಕ್ಷಣ ಹಿಂದೆಗೆಯಿರಿ, ಒದ್ದೆ ಮಣ್ಣಿನಲ್ಲಿ ವಿದ್ಯುತ್ತಿನ ಉಪಕರಣ ಇಳಿಸುವುದು ಸರಿಯಲ್ಲ. ಆರಿದ ಮೇಲೆ ತೂತಿನೊಳಗೆ ಕಡ್ಡಿ ಹಾಕಿ ಒಂದಿಂಚು ಮಣ್ಣು ಕೆದಕಿ, ಕುಂಡವನ್ನು ಅರ್ಧ ಗಂಟೆ ವಾಲಿಸಿಡಿ. ಕಪ್ಪಗೆ, ವಾಸನೆಯ ನೀರು ಇಳಿದರೆ ತಳದಲ್ಲಿ ನೀರು ನಿಂತಿತ್ತೆಂದೇ ತಿಳಿಯಿರಿ. ಮೇಲಿನ ಒಂದಿಂಚು ಮಣ್ಣು ಒಣಗುವವರೆಗೆ ಮತ್ತೆ ನೀರು ಬೇಡ, ಗೊಬ್ಬರವೂ ಬೇಡ.

ತುಂಬುವ ಮೊದಲು

ಖಾಲಿ ಕುಂಡಕ್ಕೆ ಒಂದು ಲೀಟರ್ ನೀರು ಸುರಿಯಿರಿ. ಒಂದು ನಿಮಿಷದೊಳಗೆ ಬರಿದಾಗಿ ಒಳಗೆ ಬರೀ ತೇವ ಉಳಿದರೆ ಸರಿ. ಎಲ್ಲಾದರೂ ನೀರು ನಿಂತಿದ್ದರೆ ಅಲ್ಲೇ ಇನ್ನೊಂದು ತೂತು.

ತೂತಿನ ಮೇಲೆ ಶೇಡ್ ನೆಟ್ಟಿನ ಚೂರು, ಸೊಳ್ಳೆ ಪರದೆಯ ತುಂಡು ಅಥವಾ ತೆಳುವಾಗಿ ಬಿಡಿಸಿದ ತೆಂಗಿನ ನಾರು ಹಾಸಿ, ಮಣ್ಣು ಸೋರುವುದಿಲ್ಲ. ಹೆಂಚಿನ ಚೂರು ಇಡುವವರು ಉಬ್ಬು ಮೇಲಾಗಿ ಇಡಬೇಕು. ಚಪ್ಪಟೆ ಚೂರು ತೂತಿಗೆ ಮುಚ್ಚಳವಾಗಿ ಕೂರುತ್ತದೆ.

ತಳಕ್ಕೆ ಎರಡಿಂಚು ಜಲ್ಲಿ ಹಾಕುವ ಪದ್ಧತಿ ಮಾತ್ರ ಬಿಡುವುದೇ ಒಳ್ಳೆಯದು. ಸಣ್ಣ ಸಂದುಗಳ ಮಣ್ಣು ತನ್ನಲ್ಲಿ ನೀರನ್ನು ಹಿಡಿದಿಟ್ಟುಕೊಂಡು, ಪೂರ್ತಿ ನೆನೆಯುವವರೆಗೆ ದೊಡ್ಡ ಸಂದುಗಳ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ನೆನೆದು ನಿಲ್ಲುವ ಪದರ ಜಲ್ಲಿಯ ಮೇಲಕ್ಕೆ, ಬೇರಿಗೆ ಇನ್ನೂ ಹತ್ತಿರಕ್ಕೆ ಏರಿಬಿಡುತ್ತದೆ. ತೂತಿಲ್ಲದ ಕುಂಡಕ್ಕೆ ಜಲ್ಲಿ ಯಾವ ರೀತಿಯಲ್ಲೂ ಪರಿಹಾರ ಅಲ್ಲ. ಕೆಂಪು ಮಣ್ಣು, ಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮ ಪಾಲು ಬೆರೆಸಿ ತಳದಿಂದಲೇ ತುಂಬಿ. ಲೋಳೆಸರ, ದೊಡ್ಡಪತ್ರೆಯಂಥ ರಸಭರಿತ ಗಿಡಕ್ಕೆ ಕೊಕೊಪೀಟ್ ಕಡಿಮೆ ಮಾಡಿ ದಪ್ಪ ಮರಳು ಸೇರಿಸಿ.

ಊರಿನ ಮಳೆ ನೋಡಿ ತೂತಿನ ಲೆಕ್ಕ ಬದಲಿಸಿಕೊಳ್ಳಬೇಕು. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡ ಬಯಲಲ್ಲಿ ಇರುವುದಾದರೆ ಮೇಲೆ ಹೇಳಿದ್ದರ ಒಂದೂವರೆ ಪಟ್ಟು ಹಾಕಿ, ಜೊತೆಗೆ ಗೋಡೆಯಲ್ಲಿ ತಳದಿಂದ ಒಂದಿಂಚು ಮೇಲೆ ಎರಡು ತೂತು ಇರಲಿ. ತಳದ್ದು ಕಟ್ಟಿಕೊಂಡ ದಿನ ಅವೇ ಕಾಯುತ್ತವೆ. ಬಳ್ಳಾರಿ, ರಾಯಚೂರು, ಕಲಬುರಗಿಯ ಬೇಸಿಗೆಗೆ ಇದು ತಿರುಗುಮುರುಗು. ದೊಡ್ಡ ಬಕೆಟ್ಟಿಗೆ ತಳದಲ್ಲಿ ತೂತೇ ಹಾಕದೆ, ಗೋಡೆಯಲ್ಲಿ 2 ಸೆಂ.ಮೀ. ಎತ್ತರಕ್ಕೆ ಸುತ್ತ ಐದಾರು ತೂತು ಹಾಕಿದರೆ ತಳದಲ್ಲಿ ಸ್ವಲ್ಪ ನೀರು ದಾಸ್ತಾನು ಉಳಿಯುತ್ತದೆ. ಬದನೆ, ಟೊಮೆಟೊ, ಒಂದೆಲಗಕ್ಕೆ ಇದು ಹಿಡಿಸುತ್ತದೆ. ಗುಲಾಬಿ, ಕರಿಬೇವು, ಲೋಳೆಸರಕ್ಕೆ ಬೇಡ.

ಕುಂಡದಡಿ ತಟ್ಟೆ ಇಟ್ಟಿದ್ದರೆ ನೀರು ಹಾಕಿದ ಅರ್ಧ ಗಂಟೆಯ ಬಳಿಕ ತಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ತಟ್ಟೆಯ ನೀರೇ ಬೇಕಾದ್ದು, ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಒಂದು ವಾರದಿಂದ ಹತ್ತು ದಿನ ಸಾಕು. ಮೊಟ್ಟೆಗಳು ತಟ್ಟೆಯ ಗೋಡೆಗೆ ಅಂಟಿರುವುದರಿಂದ ವಾರಕ್ಕೊಮ್ಮೆ ತಟ್ಟೆಯನ್ನು ಉಜ್ಜಿ ತೊಳೆಯಬೇಕು, ನೀರು ಚೆಲ್ಲಿದರಷ್ಟೇ ಸಾಲದು. ತಾರಸಿಯ ಮೇಲಾದರೆ ಕುಂಡವನ್ನು ನೆಲಕ್ಕೆ ನೇರವಾಗಿ ಇಡದೆ ಒಂದಿಂಚು ಎತ್ತರಿಸಿ. ನೀರು ಹರಿದುಹೋಗುತ್ತದೆ, ಕಾಂಕ್ರೀಟಿಗೆ ತೇವ ಹಿಡಿಯುವುದಿಲ್ಲ, ತೂತಿನಿಂದ ಇಳಿದ ಬೇರು ಗಾಳಿಗೆ ಸಿಕ್ಕಿ ತಾನೇ ಒಣಗುತ್ತದೆ.

ನೀರು ಹಾಕಿದ ಹತ್ತು ನಿಮಿಷದ ನಂತರವೂ ಮೇಲೆ ನೀರು ನಿಂತಿದ್ದು ಕೆಳಗೆ ಏನೂ ಬಾರದಿದ್ದರೆ ತೂತು ಕಟ್ಟಿದೆ ಎಂದರ್ಥ. ಕುಂಡವನ್ನು ಓರೆ ಮಾಡಿ, ಪೆನ್ಸಿಲ್ ದಪ್ಪದ ಕಡ್ಡಿಯನ್ನು ಕೆಳಗಿನಿಂದ ಪ್ರತಿ ತೂತಿಗೂ ಎರಡಿಂಚು ಚುಚ್ಚಿ ತಿರುಗಿಸಿ. ಕಡ್ಡಿ ಒಳಗೆ ಹೋಗದಷ್ಟು ಬೇರು ಹೆಣೆದುಕೊಂಡಿದ್ದರೆ ಇನ್ನೂ ದೊಡ್ಡ ಕುಂಡಕ್ಕೆ ಗಿಡ ಬದಲಿಸುವ ಹೊತ್ತು ಬಂದಿದೆ.